ಪಟಗಾರನ ಹೆಂಡತಿಯ ಮುಖ

ಆ ಊರಿಗೆ ದಾರಿ ಕೇಳಿಕೊಂಡು ಹೋದವರು ಯಾರೂ ಇಲ್ಲ. ಬೇರೆಲ್ಲಿಗೋ ಹೊರಟು, ಎಲ್ಲೋ ಒಂದು ತಿರುವಿನಲ್ಲಿ ದಾರಿ ತಪ್ಪಿದವರು ಮಾತ್ರ ಅಲ್ಲಿಗೆ ತಲುಪುತ್ತಿದ್ದರು. ಊರಿಗೆ ಹೆಸರಿತ್ತೋ ಇಲ್ಲವೋ ತಿಳಿಯದು. ಅಲ್ಲಿಯವರು ಅದನ್ನು 'ಇಲ್ಲಿ' ಅನ್ನುತ್ತಿದ್ದರು, ಅಷ್ಟರಲ್ಲೇ ಅವರ ಕೆಲಸ ನಡೆಯುತ್ತಿತ್ತು.

ಊರ ನಡುವೆ ಒಂದು ಬೇಲದ ಮರ, ಮರದ ಸುತ್ತ ಒಂದು ಕಟ್ಟೆ, ಕಟ್ಟೆಯ ಹಿಂದೆ ಸುಣ್ಣ ಬಳಿದ ಉದ್ದನೆಯ ಗೋಡೆ. ಕಟ್ಟೆಗೆ ಗೊಣಗುಕಟ್ಟೆ ಎಂದು ಹೆಸರು. ಗೋಡೆಯ ಮೇಲೆ ಯಾರ ಪಟ ಇದೆಯೋ ಅವರು ಸಂಜೆ ಆ ಕಟ್ಟೆಯ ಮೇಲೆ ಕೂತು ಗೊಣಗಬಹುದಿತ್ತು. ಅಲ್ಲಿ ಕೂತು ಗೊಣಗಿದ್ದನ್ನು ಊರು ಕೇಳಲೇಬೇಕು, ಸಾಧ್ಯವಿದ್ದರೆ ಸರಿಪಡಿಸಲೇಬೇಕು. ಗೋಡೆಯ ಮೇಲೆ ಮುಖ ಇಲ್ಲದವರು ನಗಬಹುದು, ಅಳಬಹುದು, ಹಾಡಬಹುದು, ಆದರೆ ಗೊಣಗುವ ಹಾಗಿಲ್ಲ. ಗೊಣಗಾಟ ಗಂಟಲಿಗೆ ಬಂದರೆ ಒಂದು ಲೋಟ ನೀರು ಕುಡಿದು ಒಳಗೆ ಕಳಿಸಬೇಕು. ಹೀಗೇಕೆ ಎಂದು ಕೇಳಿದರೆ ಊರ ಹಿರಿಯ, ಗೊಣಗಿದವರು ಯಾರು ಅಂತ ಗೊತ್ತಾಗಬೇಕಲ್ಲ ಎನ್ನುತ್ತಿದ್ದ. ಅದರ ಮೇಲೆ ಯಾರೂ ಕೇಳುತ್ತಿರಲಿಲ್ಲ.

ಹಿಂದೆ ಗೋಡೆಯ ಮೇಲೆ ಇದ್ದಿಲಿನಿಂದ ಬರೆದ ಮುಖಗಳಿದ್ದವು. ಎಲ್ಲವೂ ಒಂದೇ ಥರ ಇದ್ದು, ಇದು ನನ್ನ ಮೂಗು, ಅದು ನಿನ್ನ ಮೂಗು ಎಂದು ದಿನಾ ಜಗಳವಾಗುತ್ತಿತ್ತು. ಹಾಗಿರುವಾಗ ಒಬ್ಬ ಪಟಗಾರ ಹೆಗಲ ಮೇಲೆ ಕ್ಯಾಮೆರಾ, ಕಂಕುಳಲ್ಲಿ ಮೂರು ಕಾಲಿನ ಸ್ಟ್ಯಾಂಡು, ಕುತ್ತಿಗೆಗೆ ಕಪ್ಪು ಬಟ್ಟೆ ಸುತ್ತಿಕೊಂಡು ದಾರಿ ತಪ್ಪಿ ಬಂದ. ಊರವರು ಅವನನ್ನು ಹೋಗಲು ಬಿಡಲಿಲ್ಲ. ಗೋಡೆಯ ತುದಿಯಲ್ಲಿ ಒಂದು ಮನೆ ಕೊಟ್ಟರು. ಅವನು ಅಂಗಳದಲ್ಲಿ ಒಂದು ಸ್ಟೂಲು ಹಾಕಿ, ಒಬ್ಬೊಬ್ಬರನ್ನೇ ಕೂರಿಸಿ, ಮಾತಾಡಿಸಿ, ಕಪ್ಪು ಬಟ್ಟೆಯೊಳಗೆ ತಲೆ ಹಾಕಿ, ಉಸಿರು ಹಿಡಿದು, ಕೈಯಲ್ಲಿದ್ದ ರಬ್ಬರ್ ಉಂಡೆ ಒತ್ತಿದ. ಮುಖಗಳು ಎಷ್ಟು ಚೆನ್ನಾಗಿ ಬಂದವೆಂದರೆ, ದರ್ಜಿಯ ತಾಯಿ ತನ್ನ ಪಟವನ್ನು ನೋಡಿ, ಬನ್ನಿ ಕೂತುಕೊಳ್ಳಿ, ಮಜ್ಜಿಗೆ ಕೊಡಲೇ ಎಂದು ಕೇಳಿದಳಂತೆ.

ಆದರೆ ಆ ಕ್ಯಾಮೆರಾಕ್ಕೆ ಒಂದು ಗುಣವಿತ್ತು. ಅದು ಅಪರಿಚಿತರ ಮುಖವನ್ನು ಮಾತ್ರ ಹಿಡಿಯುತ್ತಿತ್ತು. ಬಟ್ಟೆಯೊಳಗೆ ತಲೆ ಹಾಕಿದವನಿಗೆ ಎದುರಿಗಿರುವವರು ಗೊತ್ತಿರುವವರಾದರೆ, ಅವರ ಮುಖದ ಬದಲು ಒಂದು ತರಕಾರಿ ಬರುತ್ತಿತ್ತು.

ಇದು ಮೊದಲು ತಿಳಿದದ್ದು ದರ್ಜಿಯಿಂದ. ಅವನೂ ಪಟಗಾರನೂ ಗೆಳೆಯರಾದ ಮೇಲೆ, ದರ್ಜಿ ಹೊಸದಾಗಿ ಮೀಸೆ ಬಿಟ್ಟು, ಇನ್ನೊಂದು ಪಟ ತೆಗೆ ಎಂದು ಬಂದು ಕೂತ. ಪಟದಲ್ಲಿ ಇಸ್ತ್ರಿ ಮಾಡಿದ ಅಂಗಿ ಇತ್ತು, ಅಂಗಿಯ ಕಾಲರಿನಿಂದ ಒಂದು ಉದ್ದನೆಯ ನುಗ್ಗೆಕಾಯಿ ಮೇಲೆದ್ದಿತ್ತು. ದರ್ಜಿ ಒಂದು ತಿಂಗಳು ಮಾತು ಬಿಟ್ಟ. ಆಮೇಲೆ ಮೇಷ್ಟ್ರು ಬಂದು ಕೂತರು, ಸುವರ್ಣಗೆಡ್ಡೆಯಾದರು. ಮೇಷ್ಟ್ರು ಅದನ್ನು ಮನೆಗೆ ಒಯ್ದು, ಬೆಳಕಿನಲ್ಲಿ ಹಿಡಿದು ತುಂಬ ಹೊತ್ತು ನೋಡಿ, ಅಂಥ ತಪ್ಪೇನಿಲ್ಲ ಎಂದರು. ಮಕ್ಕಳು ಮಾತ್ರ ಯಾವಾಗ ಕೂತರೂ ಮಕ್ಕಳಾಗಿಯೇ ಬರುತ್ತಿದ್ದರು. ನಿನ್ನೆ ಕಂಡ ಮಗು ಇವತ್ತು ಬೇರೆಯದೇ ಆಗಿರುತ್ತಿತ್ತಲ್ಲ.

ಊರವರೆಲ್ಲ ಗೊತ್ತಾಗಿಹೋದ ಮೇಲೆ ಪಟಗಾರನಿಗೆ ಉಳಿದದ್ದು ದಾರಿ ತಪ್ಪಿ ಬರುವವರು. ಅವರನ್ನು ಅವನು ಸ್ಟೂಲಿನ ಮೇಲೆ ಕೂರಿಸಿ, ನೀರು ಬೆಲ್ಲ ಕೊಟ್ಟು, ಎದುರಿಗೆ ಕುಕ್ಕರಗಾಲಲ್ಲಿ ಕೂತು ಮಾತಾಡಿಸುತ್ತಿದ್ದ. ಅದೇ ಅವನ ಕಸುಬಿನ ಗುಟ್ಟು. ಮಾತಾಡದೆ ತೆಗೆದರೆ ಮುಖ ಬಿಗಿದುಕೊಂಡು ಹಲಗೆಯಾಗುತ್ತದೆ. ಹೆಚ್ಚು ಮಾತಾಡಿದರೆ ಪರಿಚಯವಾಗಿ ಬದನೆಕಾಯಿಯಾಗುತ್ತದೆ. ಸ್ವಲ್ಪ ತಿಳಿಯಬೇಕು, ಆದರೆ ತಿಳಿದುಬಿಟ್ಟಿತು ಎಂದು ಅನ್ನಿಸಬಾರದು. ಆ ಸಂದಿಯಲ್ಲಿ ಉಂಡೆ ಒತ್ತಬೇಕು.

ಒಂದು ಸಲ ಬೆನ್ನ ಮೇಲೆ ಬಾಗಿಲು ಹೊತ್ತವನೊಬ್ಬ ಬಂದ. ಮನೆ ಮಾರಿದ್ದನಂತೆ, ಬಾಗಿಲು ಮಾರಲು ಮನಸ್ಸು ಬರಲಿಲ್ಲವಂತೆ. ಮಲಗುವಾಗ ಏನು ಮಾಡುತ್ತೀರಿ ಎಂದು ಪಟಗಾರ ಕೇಳಿದ. ಬಾಗಿಲನ್ನು ಯಾವುದಾದರೂ ಮರಕ್ಕೆ ಒರಗಿಸಿ, ತಟ್ಟಿ, ಆಮೇಲೆ ಅದರ ಹಿಂದೆ ಹೋಗಿ ಮಲಗುತ್ತೇನೆ ಎಂದ ಅವನು. ತಟ್ಟಿದರೆ ತೆಗೆಯುವವರು ಯಾರು ಎಂದಾಗ, "ನಾನೇ. ಯಾರು ಅಂತ ಕೇಳಿಯೇ ತೆಗೀತೀನಿ" ಎಂದು ಹೇಳಿ, ತನ್ನ ಮಾತಿಗೆ ತಾನೇ ಬೆರಗಾದ. ಆ ಬೆರಗು ಪಟದಲ್ಲಿ ಬಂತು. ಇನ್ನೊಂದು ಸಲ ಬಂದವಳು ಅಕ್ಕನ ಜೊತೆ ರಾಜಿಯಾಗಲು ಹೊರಟವಳು. ಜಗಳ ಯಾವುದೆಂದೇ ಮರೆತಿದ್ದಳು. ಆಗದೇ ಇರುವ ತಪ್ಪಿಗೆ ಕ್ಷಮೆ ಕೇಳಿ ಹೊಸ ಜಗಳ ಆದೀತೆಂದು ಅವಳಿಗೆ ದಿಗಿಲು. ಆ ದಿಗಿಲೂ ಪಟದಲ್ಲಿ ಬಂತು.

ಇಂಥ ಮಾತುಗಳನ್ನೆಲ್ಲ ಮನೆಯ ಬಾಗಿಲ ಹಿಂದೆ ನಿಂತು ಒಬ್ಬಳು ಕೇಳಿಸಿಕೊಳ್ಳುತ್ತಿದ್ದಳು. ಅವಳು ಪಟಗಾರನ ಹೆಂಡತಿ.

ಅವಳು ದೂರದ ಊರಿಂದ ಮದುವೆಯಾಗಿ ಬಂದವಳು. ಗಾಡಿಯವನು ದಾರಿ ತಪ್ಪಿ ಅವಳನ್ನು ತಂದು ಇಳಿಸಿದಾಗ ಪಟಗಾರ ಬಟ್ಟೆಯೊಳಗೆ ತಲೆ ಹಾಕಿಕೊಂಡು ಯಾವನೋ ಕೊಡೆ ರಿಪೇರಿಯವನ ಪಟ ತೆಗೆಯುತ್ತಿದ್ದ. ಹೆಂಡತಿಯ ಪಟವನ್ನೂ ತೆಗೆದುಬಿಡು ಎಂದು ಯಾರೋ ಹೇಳಿದರು. ಬೆಳಕು ಹೋಯಿತು, ನಾಳೆ ನೋಡೋಣ ಎಂದ. ನಾಳೆ ಒಬ್ಬ ಅಪರಿಚಿತ ಬಂದ, ನಾಡಿದ್ದು ಇನ್ನೊಬ್ಬ. ಹೆಂಡತಿ ಮನೆಯಲ್ಲೇ ಇರುತ್ತಾಳೆ, ಅಪರಿಚಿತರು ಹೊರಟುಹೋಗುತ್ತಾರೆ. ಹೀಗೆ ಅವಳನ್ನು ಸ್ಟೂಲಿನ ಮೇಲೆ ಕೂರಿಸುವ ಹೊತ್ತಿಗೆ, ಅವಳು ಅವನ ಪಂಚೆ ಎಲ್ಲಿದೆ ಎಂದು ಬಲ್ಲವಳೂ, ಅವನು ಕೆಮ್ಮುವ ಮೊದಲೇ ಬಿಸಿನೀರು ತರುವವಳೂ ಆಗಿದ್ದಳು. ಅವನು ಬಟ್ಟೆಯೊಳಗೆ ತಲೆ ಹಾಕಿ, ಉಸಿರು ಹಿಡಿದು, ಉಂಡೆ ಒತ್ತಿದ. ಬೂದುಗುಂಬಳಕಾಯಿ ಬಂತು.

ಅವಳು ಪಟವನ್ನು ನೋಡಿ, "ನನ್ನ ಕುಂಕುಮ ಎಲ್ಲಿ?" ಎಂದಷ್ಟೇ ಕೇಳಿದಳು.

ಮತ್ತೆ ತೆಗೆದ. ಮತ್ತೂ ತೆಗೆದ. ರೇಷ್ಮೆ ಸೀರೆಯಲ್ಲಿ ಕುಂಬಳಕಾಯಿ, ಹೂ ಮುಡಿದ ಕುಂಬಳಕಾಯಿ, ತೊಡೆಯ ಮೇಲೆ ಕೈ ಜೋಡಿಸಿ ಕೂತ ಕುಂಬಳಕಾಯಿ. ಒಂದನ್ನು ಅವಳು ಅಡುಗೆಮನೆಯಲ್ಲಿ ನೇತುಹಾಕಿದಳು. ಮನೆಗೆ ಬಂದವರು ಅದನ್ನು ನೋಡಿ, ಕಾಯಿ ಚೆನ್ನಾಗಿ ಬಲಿತಿದೆ, ಮಜ್ಜಿಗೆಹುಳಿಗೆ ಹೇಳಿ ಮಾಡಿಸಿದ ಹಾಗಿದೆ ಎಂದು ಹೊಗಳಿ ಹೋದರು.

ಗೋಡೆಯ ಮೇಲೆ ಮುಖ ಇಲ್ಲದ್ದರಿಂದ ಅವಳಿಗೆ ಗೊಣಗುವ ಹಕ್ಕಿರಲಿಲ್ಲ. ಸಂಜೆ ಎಲ್ಲರೂ ಕಟ್ಟೆಯ ಮೇಲೆ ಕೂತು ಮನಸಾರೆ ಗೊಣಗುವಾಗ ಅವಳು ದೂರದಲ್ಲಿ ಲೋಟ ಹಿಡಿದು ನಿಂತು ನೀರು ಕುಡಿಯುತ್ತಿದ್ದಳು. ಊರಿನಲ್ಲಿ ಅವಳಷ್ಟು ನೀರು ಕುಡಿದವರು ಯಾರೂ ಇರಲಿಲ್ಲ. ಮನೆಯಲ್ಲಾದರೂ ಏನಾದರೂ ಹೇಳಲು ಬಾಯಿ ತೆರೆದರೆ ಪಟಗಾರ, ನೀನು ಏನು ಹೇಳ್ತೀಯ ಅಂತ ನನಗೆ ಗೊತ್ತು ಬಿಡೇ ಎನ್ನುತ್ತಿದ್ದ. ಪ್ರೀತಿಯಿಂದಲೇ ಹೇಳುತ್ತಿದ್ದ. ಅವಳು ಬಾಯಿ ಮುಚ್ಚುತ್ತಿದ್ದಳು.

ಒಂದು ಸಂಜೆ ದರ್ಜಿ ಕಟ್ಟೆ ಹತ್ತಿದ. ನುಗ್ಗೆಕಾಯಿಯ ಸಿಟ್ಟು ಅವನಿಗೆ ಪೂರ್ತಿ ಇಳಿದಿರಲಿಲ್ಲ. ಪಟಗಾರ ಬೇಕೆಂದೇ ಹೆಂಡತಿಯನ್ನು ಕುಂಬಳಕಾಯಿ ಮಾಡುತ್ತಿದ್ದಾನೆ, ಅವಳು ಕಟ್ಟೆ ಹತ್ತಿದರೆ ಮೊದಲು ಗೊಣಗುವುದು ಗಂಡನ ಮೇಲೆಯೇ ಎಂದು ಅವನಿಗೆ ಹೆದರಿಕೆ ಎಂದು ಗೊಣಗಿದ. ಗೊಣಗಿದ ಮೇಲೆ ಊರು ಕೇಳಲೇಬೇಕಲ್ಲ. ಎಲ್ಲರೂ ಪಟಗಾರನ ಕಡೆ ತಿರುಗಿದರು. ಪಟಗಾರ ಕೈ ಆಡಿಸಿದ, ಕ್ಯಾಮೆರಾದ ಗುಣವನ್ನು ಮತ್ತೆ ವಿವರಿಸಿದ. ವಿವರಿಸಿದಷ್ಟೂ ಅನುಮಾನ ಬಲಿಯಿತು. ಹಿರಿಯ ತೀರ್ಪು ಹೇಳಿದ: ಬರುವ ಹುಣ್ಣಿಮೆಯೊಳಗೆ ಹೆಂಡತಿಯ ಮುಖ ಗೋಡೆಯ ಮೇಲಿರಬೇಕು. ಇಲ್ಲವಾದರೆ ಪಟಗಾರ ಕ್ಯಾಮೆರಾವನ್ನು ಊರಿಗೆ ಒಪ್ಪಿಸಿ, ದಾರಿ ತಪ್ಪಿ ಬಂದ ಹಾಗೆಯೇ ದಾರಿ ತಪ್ಪಿ ಹೊರಟುಹೋಗಬೇಕು.

ಹೆಂಡತಿ ಅವನ ಜೊತೆ ಹೋಗಬೇಕೋ, ಇಲ್ಲೇ ಇರಬೇಕೋ ಎಂಬುದನ್ನು ಯಾರೂ ಹೇಳಲಿಲ್ಲ. ಅವಳನ್ನು ಕೇಳಲೂ ಇಲ್ಲ. ಅವಳು ಇನ್ನೊಂದು ಲೋಟ ನೀರು ಕುಡಿದಳು.

ಮರುದಿನದಿಂದ ಪಟಗಾರ ಹೆಂಡತಿಯನ್ನು ಅಪರಿಚಿತಳನ್ನಾಗಿ ಮಾಡಲು ತೊಡಗಿದ. ಅವಳ ಸೀರೆಯನ್ನು ಬೇರೆ ಕಡೆಯವರ ಹಾಗೆ ಉಡಿಸಿದ. ಕುಂಬಳಕಾಯಿ. ದರ್ಜಿಯ ಅಂಗಡಿಯಿಂದ ಕಪ್ಪು ಬಟ್ಟೆಯ ಚೂರು ತಂದು ಅವಳಿಗೆ ಮೀಸೆ ಅಂಟಿಸಿದ. ಮೀಸೆಯ ಕುಂಬಳಕಾಯಿ. ಕ್ಯಾಮೆರಾಕ್ಕೆ ಬೆನ್ನು ಹಾಕಿ ಕೂರಿಸಿದ. ಕುಂಬಳಕಾಯಿಯ ಹಿಂಭಾಗ ಬಂತು, ಅದೂ ಮುಂಭಾಗದ ಹಾಗೆಯೇ ಇತ್ತು. ಕೊನೆಗೆ, ನೀನು ಒಂದು ಗಂಟು ಹೊತ್ತು ಊರ ಹೊರಗೆ ಹೋಗಿ, ದಾರಿ ತಪ್ಪಿದವಳ ಹಾಗೆ ಬಾ ಎಂದ. ಅವಳು ಹೋದಳು. ಸ್ವಲ್ಪ ಹೊತ್ತಿಗೆ ಗಂಟು ಹೊತ್ತು, ಸೆರಗು ಹೊದ್ದು, ಇಲ್ಲಿ ಯಾರೋ ಪಟ ತೆಗೆಯುವವರಿದ್ದಾರಂತಲ್ಲ ಎಂದು ಕೇಳಿಕೊಂಡು ಬಂದಳು. ಪಟಗಾರ ಕೈ ಮುಗಿದು ಸ್ಟೂಲು ತೋರಿಸಿದ.

"ತಾವು ಯಾವ ಕಡೆಯಿಂದ ಬರೋಣವಾಯ್ತು?"

"ಅಡುಗೆಮನೆ ಕಡೆಯಿಂದ" ಎಂದಳು ಹೆಂಡತಿ.

ಗಂಟು ಹೊತ್ತ ಕುಂಬಳಕಾಯಿ.

ಪಟಗಾರನಿಗೆ ಸಿಟ್ಟು ಬಂತು. ಇದು ಆಗದ ಕೆಲಸ, ನಿನ್ನಲ್ಲಿ ನನಗೆ ಗೊತ್ತಿಲ್ಲದ್ದು ಅಂತ ಏನಾದರೂ ಇದ್ದರೆ ತಾನೇ ಎಂದು ಕೂಗಾಡಿದ. ಅವಳು ಗಂಟು ಬಿಚ್ಚಿ ಒಳಗಿದ್ದ ಸೌದೆಯನ್ನು ಒಲೆಯ ಹತ್ತಿರ ಜೋಡಿಸಿದಳು. ಹೋದ ದಾರಿಯಲ್ಲಿ ಸೌದೆಯನ್ನಾದರೂ ತರೋಣ ಎಂದು ತಂದಿದ್ದಳು.

ಇಲ್ಲಿ ಒಂದು ಹಕ್ಕಿಯ ವಿಷಯ ಹೇಳಬೇಕು. ಪಟಗಾರನ ಮನೆಯ ಮಾಡಿನ ಮೇಲೆ ಒಂದು ಹಕ್ಕಿ ಇತ್ತು. ಅವನು ಕತ್ತಲ ಕೋಣೆಯಲ್ಲಿ ಪಟ ತೊಳೆಯುವಾಗ ಅದು ಹಾಡುತ್ತಿತ್ತು. ಮೇಲೆ ಹೋಗಿ, ಕೆಳಗೆ ಜಾರಿ, ನಡುವೆ ಒಂದು ಕಡೆ ಕೊಂಕಿ ಮತ್ತೆ ಮೇಲೇಳುವ ಹಾಡು. ಹೊರಗೆ ಬಂದು ನೋಡಿದರೆ ಇರುತ್ತಿರಲಿಲ್ಲ. ಬಂದ ಅಪರಿಚಿತರಿಗೆಲ್ಲ ಅವನು ಆ ಹಕ್ಕಿಯ ಬಗ್ಗೆ ಹೆಮ್ಮೆಯಿಂದ ಹೇಳುತ್ತಿದ್ದ. ಮಾಡಿನ ಅಂಚಿನಲ್ಲಿ ತೆಂಗಿನ ಚಿಪ್ಪು ಇಟ್ಟು ಅದಕ್ಕೆ ದಿನಾ ಮಂಡಕ್ಕಿ ಹಾಕುತ್ತಿದ್ದ. ಸಂಜೆಗೆ ಚಿಪ್ಪು ಖಾಲಿಯಾಗಿರುತ್ತಿತ್ತು. ಕೆಲವರು ಹಾಡು ಕೇಳಲೆಂದೇ ಬಂದು ಕೂರುತ್ತಿದ್ದರು. ಜನ ಬಂದ ದಿನ ಹಕ್ಕಿ ಹಾಡುತ್ತಿರಲಿಲ್ಲ. ಅಪರೂಪದ ಹಕ್ಕಿಗೆ ನಾಚಿಕೆ ಜಾಸ್ತಿ ಎಂದು ಪಟಗಾರ ಸಮಾಧಾನ ಹೇಳುತ್ತಿದ್ದ.

ಹುಣ್ಣಿಮೆ ಹತ್ತಿರವಾಗಿತ್ತು. ಒಂದು ಬೆಳಗ್ಗೆ ಬೇರೇನೂ ತೋಚದೆ ಅವನು ಹೆಂಡತಿಯನ್ನು ಮತ್ತೆ ಸ್ಟೂಲಿನ ಮೇಲೆ ಕೂರಿಸಿದ. ಬಟ್ಟೆಯೊಳಗೆ ತಲೆ ಹಾಕಿ, ಏನಾದರೂ ಬದಲಾದೀತೇ ಎಂದು ಗಾಜನ್ನು ಹಿಂದೆ ಮುಂದೆ ಸರಿಸುತ್ತ ಬಹಳ ಹೊತ್ತು ನಿಂತ. ಹೊರಗೆ ಬಿಸಿಲು ಹಿತವಾಗಿತ್ತು. ಹೆಂಡತಿಗೆ ಕೂತು ಕೂತು ತಾನೆಲ್ಲಿದ್ದೇನೆ ಎಂಬುದೇ ಮರೆತುಹೋಯಿತು. ಬಟ್ಟೆಯೊಳಗೆ ಹೋದವನು ಕತ್ತಲ ಕೋಣೆಗೆ ಹೋದ ಹಾಗೆಯೇ ಎಂದು ಅವಳ ಬಾಯಿ ಅಂದುಕೊಂಡಿತೋ ಏನೋ. ಕ್ಯಾಮೆರಾದ ಗಾಜಿನಲ್ಲಿ ತಲೆಕೆಳಗಾಗಿ ಕಾಣುತ್ತಿದ್ದ ಹೆಂಡತಿ ತುಟಿಗಳನ್ನು ದುಂಡಗೆ ಮಾಡಿದಳು. ಮಾಡಿನ ಮೇಲಿನ ಹಕ್ಕಿ ಹಾಡಿತು. ಮೇಲೆ ಹೋಯಿತು, ಕೆಳಗೆ ಜಾರಿತು, ನಡುವೆ ಕೊಂಕಿತು.

ಪಟಗಾರನ ಕೈ ಬೆಚ್ಚಿ ಉಂಡೆ ಒತ್ತಿತು. ಅವನು ಬಟ್ಟೆಯಿಂದ ಹೊರಗೆ ಬಂದ. ಮಾಡು ನೋಡಿದ, ಹೆಂಡತಿಯನ್ನು ನೋಡಿದ.

"ಹಕ್ಕಿ?" ಎಂದ.

ಅವಳು ತಲೆ ತಗ್ಗಿಸಿದಳು. "ಅದು ನಾನೇರೀ."

"ಮಂಡಕ್ಕಿ?"

"ಅದೂ ನಾನೇ. ಇಬ್ಬನಿಗೆ ಸ್ವಲ್ಪ ಮೆತ್ತಗಾಗಿರ್ತಿತ್ತು."

ಪಟಗಾರ ಕತ್ತಲ ಕೋಣೆಗೆ ಹೋದ. ಆವತ್ತು ಹಕ್ಕಿ ಹಾಡಲಿಲ್ಲ. ಪಟ ತೊಳೆದು ನೋಡಿದರೆ ಅದೇ ಬೂದುಗುಂಬಳಕಾಯಿ. ಆದರೆ ಕಾಯಿಯ ನಡುವೆ ದುಂಡಗೆ ಮಾಡಿದ ಎರಡು ತುಟಿಗಳಿದ್ದವು.

ಅವನು ಹೊರಗೆ ಬಂದು ಹೊಸ್ತಿಲ ಮೇಲೆ ಕೂತ. ಹೆಂಡತಿ ಅಕ್ಕಿ ಆರಿಸುತ್ತಿದ್ದಳು. ಅವಳನ್ನು ಅಪರಿಚಿತಳೆಂದು ನಾಟಕವಾಡುವುದು ಅವನಿಗೆ ಮರೆತುಹೋಗಿತ್ತು. ಯಾರು ಕಲಿಸಿದ್ದು ಎಂದು ಕೇಳಿದ. ಅಜ್ಜಿ ಎಂದಳು. ಅಜ್ಜಿಯ ಎಮ್ಮೆ ಸಿಳ್ಳೆ ಹೊಡೆಯದಿದ್ದರೆ ಹಾಲು ಇಳಿಸುತ್ತಿರಲಿಲ್ಲವಂತೆ. ಅಜ್ಜಿಗೆ ಹಲ್ಲು ಹೋದ ಮೇಲೆ ಗಾಳಿ ಸೋರಿ, ಆ ಕೆಲಸ ಮೊಮ್ಮಗಳ ಪಾಲಿಗೆ ಬಂತಂತೆ. ಎಮ್ಮೆ ಸತ್ತ ದಿನ ಏನು ಮಾಡಬೇಕೆಂದು ತಿಳಿಯದೆ ಅದರ ಕಿವಿಯಲ್ಲಿ ಕೊನೆಯ ಸಲ ಸಿಳ್ಳೆ ಹೊಡೆದಳಂತೆ. ಇದನ್ನು ಹೇಳುವಾಗ ಅವಳು ನಕ್ಕಳು. ಅವನಿಗೆ ಆ ನಗೆ ಯಾವುದೆಂದು ಗೊತ್ತಾಗಲಿಲ್ಲ. ಇದನ್ನು ನಾನು ಹಿಂದೆ ನೋಡಿದ್ದೇನೆಯೇ ಎಂದು ಯೋಚಿಸುತ್ತ ಕೂತ.

ಆವತ್ತಿನಿಂದ ಅವನು ದಿನಾ ಅವಳ ಎದುರು ಕುಕ್ಕರಗಾಲಲ್ಲಿ ಕೂತು ಒಂದೊಂದು ಮಾತು ಕೇಳತೊಡಗಿದ. ಅವಳು ಮೊದಮೊದಲು, ಇದನ್ನೆಲ್ಲ ಕಟ್ಟಿಕೊಂಡು ನಿಮಗೇನಾಗಬೇಕು, ಜ್ವರ ಗಿರ ಬಂದಿದೆಯೇ ಎಂದು ಅವನ ಹಣೆ ಮುಟ್ಟಿ ನೋಡುತ್ತಿದ್ದಳು. ಆಮೇಲೆ ಹೇಳತೊಡಗಿದಳು. ತವರಿನಲ್ಲಿ ಅವಳನ್ನು ಗಿಲಕಿ ಎಂದು ಕರೆಯುತ್ತಿದ್ದರಂತೆ, ಬಾಯಿ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲವೆಂದು. ಪಟಗಾರನಿಗೆ ನಂಬಲಾಗಲಿಲ್ಲ. ತಾನು ಕಂಡ ಈ ನೀರು ಕುಡಿಯುವ ಹೆಂಗಸಿಗೂ ಗಿಲಕಿಗೂ ಏನು ಸಂಬಂಧ? ಆವತ್ತಿನ ಪಟದಲ್ಲಿ ಕುಂಬಳಕಾಯಿಗೆ ಒಂದು ಕಿವಿ ಬಂತು, ಓಲೆ ಸಮೇತ. ದರ್ಜಿಯ ಬಾತುಕೋಳಿಗೂ ಅವಳಿಗೂ ಹಳೆಯ ವೈರವಿತ್ತು. ಅದು ಕಂಡಾಗಲೆಲ್ಲ ಕತ್ತು ಚಾಚಿ ಬಂದರೆ ಇವಳೂ ಕತ್ತು ಚಾಚಿ ಎದುರು ಹೋಗುತ್ತಿದ್ದಳು. ಇಲ್ಲಿಯವರೆಗೆ ಸೋತಿರಲಿಲ್ಲ. ಅದನ್ನು ಅಭಿನಯಿಸಿ ತೋರಿಸಿದ ದಿನ ಕುಂಬಳಕಾಯಿಗೆ ಕುತ್ತಿಗೆ ಬಂತು.

ಇವರ ಅಂಗಳದಿಂದ ನಗೆ ಕೇಳುತ್ತಿದೆ, ಇದೇನು ವಿಶೇಷ ಎಂದು ಜನ ಬೇಲಿಯ ಬಳಿ ನಿಲ್ಲತೊಡಗಿದರು. ಪಟಗಾರ ಪ್ರತಿ ಪಟವನ್ನೂ ಒಣಗಲು ಹಾಕುತ್ತಿದ್ದ. ಒಂದು ಕಿವಿ, ಒಂದು ಕುತ್ತಿಗೆ, ಅರ್ಧ ಹಣೆ ಇರುವ ಕುಂಬಳಕಾಯಿಗಳನ್ನು ನೋಡಿ ಮಕ್ಕಳು ಹೆದರಿ ಓಡುತ್ತಿದ್ದರು, ಮತ್ತೆ ನೋಡಲು ಬರುತ್ತಿದ್ದರು. ಕಣ್ಣು ಮಾತ್ರ ಬಂದಿರಲಿಲ್ಲ. ಕಣ್ಣಿಲ್ಲದ ಮುಖವನ್ನು ಗೋಡೆಗೆ ಹಾಕಲಾಗುವುದಿಲ್ಲ ಎಂದು ಹಿರಿಯ ಹೇಳಿ ಕಳಿಸಿದ.

ಹುಣ್ಣಿಮೆಯ ದಿನ ಬಂತು. ಬೆಳಗ್ಗೆ ಅವಳು ತಾನಾಗಿಯೇ ಬಂದು ಸ್ಟೂಲಿನ ಮೇಲೆ ಕೂತಳು. ಪಟಗಾರ ಎದುರು ಕೂತ. ಇನ್ನೇನು ಕೇಳಲಿ ಎಂದು ತೋಚಲಿಲ್ಲ.

"ನನಗೆ ಹೇಳದೇ ಇದ್ದದ್ದು ಇನ್ನೇನಾದರೂ ಇದೆಯಾ?" ಎಂದ.

"ಒಂದು ದಿನ ನಾನು ಊರು ಬಿಟ್ಟು ಹೊರಟಿದ್ದೆ" ಎಂದಳು.

"ಯಾವಾಗ?"

"ಒಬ್ಬರು ಬಾಗಿಲು ಹೊತ್ತುಕೊಂಡು ಬಂದಿದ್ರಲ್ಲ, ಅದರ ಮಾರನೇ ದಿನ. ಅವರ ಜೊತೆ ನೀವು ಮಧ್ಯಾಹ್ನ ಪೂರ್ತಿ ಕೂತು ಮಾತಾಡಿದ್ರಿ. ತಾವು, ತಮ್ಮ ಅಂತ ಎಷ್ಟು ಚೆನ್ನಾಗಿ ಮಾತಾಡಿದ್ರಿ. ನಾನೂ ಎಲ್ಲಾದರೂ ದಾರಿ ತಪ್ಪಿ ಬಂದರೆ ನನ್ನ ಜೊತೆನೂ ಹಾಗೇ ಮಾತಾಡ್ತೀರೇನೋ ಅಂತ ಹೊರಟೆ."

"ಆಮೇಲೆ?"

"ಎಷ್ಟು ನಡೆದರೂ ದಾರಿ ತಪ್ಪಲಿಲ್ಲ. ಎಲ್ಲಾ ಗುರುತು ಸಿಗ್ತಿತ್ತು. ಅಷ್ಟರಲ್ಲಿ ಒಲೆ ಮೇಲೆ ಹಾಲಿದೆ ಅಂತ ನೆನಪಾಯ್ತು. ವಾಪಸ್ ಬಂದೆ."

"ಆವತ್ತು ನಾನು ಏನಂದೆ?"

"ಹಾಲು ಸೀದಿದೆ ಅಂದ್ರಿ."

ಅವನು ಎದ್ದು ಬಟ್ಟೆಯೊಳಗೆ ತಲೆ ಹಾಕಿದ. ಉಸಿರು ಹಿಡಿಯಬೇಕಾಗಿ ಬರಲಿಲ್ಲ, ಅದು ತಾನಾಗಿಯೇ ನಿಂತಿತ್ತು. ಗಾಜಿನಲ್ಲಿ ಒಬ್ಬ ಹೆಂಗಸು ತಲೆಕೆಳಗಾಗಿ ಕೂತು ಅವನನ್ನೇ ನೋಡುತ್ತಿದ್ದಳು. ಎಲ್ಲಿಂದ ಬಂದಳು, ಎಲ್ಲಿಗೆ ಹೊರಟವಳು, ಇಲ್ಲಿ ಯಾಕೆ ಉಳಿದಳು ಎಂದು ಅವನಿಗೆ ತಿಳಿಯದಾಯಿತು. ಅವನು ಉಂಡೆ ಒತ್ತಿದ.

ಕತ್ತಲ ಕೋಣೆಯಲ್ಲಿ ನೀರಿನಿಂದ ಮುಖವೊಂದು ಮೇಲೆದ್ದಿತು. ಒಂದು ಕ್ಷಣ ಪಟಗಾರನಿಗೆ ಗುರುತು ಹತ್ತಲಿಲ್ಲ. ಯಾರಪ್ಪಾ ಈಕೆ, ಏನೋ ಹೇಳಲು ಹೊರಟಿದ್ದಾಳಲ್ಲ ಎಂದುಕೊಂಡ. ಆಮೇಲೆ ಕುಂಕುಮ ಕಾಣಿಸಿತು.

ಸಂಜೆಗೆ ಪಟ ಗೋಡೆ ಏರಿತು. ಊರಿಗೆ ಊರೇ ಕಟ್ಟೆಯ ಸುತ್ತ ಸೇರಿತು. ಹುರಿದ ಕಡಲೆಕಾಯಿ ಕಟ್ಟಿಕೊಂಡು ಬಂದಿದ್ದರು, ಚಾಪೆ ಹಾಸಿಕೊಂಡಿದ್ದರು. ಇಷ್ಟು ವರ್ಷ ನೀರು ಕುಡಿದವಳು ಗಂಡನ ಬಗ್ಗೆ ಏನು ಗೊಣಗುತ್ತಾಳೆಂದು ಕೇಳಲು ದರ್ಜಿ ಎಲ್ಲರಿಗಿಂತ ಮುಂದೆ ಕೂತಿದ್ದ. ಪಟಗಾರ ಕೊನೆಯ ಸಾಲಿನಲ್ಲಿ ತಲೆ ಬಗ್ಗಿಸಿ ನಿಂತಿದ್ದ. ಹೆಂಡತಿ ಕಟ್ಟೆ ಹತ್ತಿ, ಸೆರಗು ಸರಿಪಡಿಸಿಕೊಂಡು ಕೂತಳು. ಒಂದು ಬೇಲದ ಹಣ್ಣು ಪಕ್ಕದಲ್ಲೇ ದೊಪ್ಪೆಂದು ಬಿತ್ತು. ಅವಳು ಅಲ್ಲಿಂದಲೇ ಶುರು ಮಾಡಿದಳು.

ಹಣ್ಣು ಬೀಳುವ ಮರದ ಕೆಳಗೆ ಕಟ್ಟೆ ಕಟ್ಟಿಸಿದವರು ಯಾರು ಎಂದಳು. ದರ್ಜಿಯ ಬಾತುಕೋಳಿಗೆ ಕಟ್ಟೆ ಹತ್ತಲು ಬಿಟ್ಟವರು ಯಾರು ಎಂದಳು. ದರ್ಜಿ ಹೊಲಿದ ರವಿಕೆಗಳ ಎಡತೋಳು ಯಾವಾಗಲೂ ಬಲತೋಳಿಗಿಂತ ಯಾಕೆ ಬಿಗಿ ಎಂದಳು. ಆಗ ಊರಿನ ಹೆಂಗಸರೆಲ್ಲ ತಂತಮ್ಮ ಎಡತೋಳು ಮುಟ್ಟಿಕೊಂಡರು, ದರ್ಜಿ ಎರಡು ಸಾಲು ಹಿಂದೆ ಸರಿದ. ಮೇಷ್ಟ್ರು ಪಾಠ ಹೇಳುವಾಗ ಊರಿನ ಎಲ್ಲರ ನಿದ್ದೆ ಕೆಡುತ್ತದೆ, ಮಕ್ಕಳದ್ದೊಂದು ಬಿಟ್ಟು ಎಂದಳು. ಹಿರಿಯನ ತೀರ್ಪಿನಲ್ಲಿ ತನ್ನನ್ನು ಯಾರೂ ಕೇಳಲಿಲ್ಲ ಎಂದಳು. ಹಿರಿಯ ಕೆಮ್ಮಿದ, ತನ್ನದು ತಪ್ಪಾಯಿತು ಎಂದ. ಅವಳು ಗಿಲಕಿಯ ಹಾಗೆ ಹೇಳುತ್ತಲೇ ಹೋದಳು. ಕಡಲೆಕಾಯಿ ಮುಗಿಯಿತು, ಆದರೂ ಯಾರೂ ಏಳಲಿಲ್ಲ. ಏಳುವ ಹಾಗೂ ಇರಲಿಲ್ಲ.

"ಇನ್ನೊಂದಿದೆ" ಎಂದಳು ಕೊನೆಗೆ. ಪಟಗಾರ ಕಣ್ಣು ಮುಚ್ಚಿಕೊಂಡ.

"ಈ ಗೋಡೆ ಮೇಲೆ ಎಲ್ಲರ ಮುಖವೂ ಇದೆ. ಇವರದ್ದು ಇಲ್ಲ."

ಎಲ್ಲರೂ ಗೋಡೆ ನೋಡಿದರು. ಹೌದಾಗಿತ್ತು. ಅಷ್ಟು ಮುಖಗಳನ್ನು ತೆಗೆದವನ ಮುಖ ಅಲ್ಲಿರಲಿಲ್ಲ. ಬಟ್ಟೆಯೊಳಗೆ ಇರುವವನನ್ನು ತೆಗೆಯುವವರು ಯಾರು ಎಂದು ಮೇಷ್ಟ್ರು ಕೇಳಿದರು. ನಾನು ತೆಗೀತೀನಿ ಎಂದಳು ಅವಳು. ಆಗ ಊರಿನಲ್ಲಿ ದೊಡ್ಡ ಚರ್ಚೆಯೇ ಎದ್ದಿತು. ಇಷ್ಟು ವರ್ಷ ಸಂಸಾರ ಮಾಡಿದವಳು, ಗಂಡ ಯಾವ ತರಕಾರಿಯಾಗಿ ಬರುತ್ತಾನೆ? ಹಾಗಲಕಾಯಿ ಎಂದರು ಕೆಲವರು. ಮೂಲಂಗಿ ಎಂದಿತು ಇನ್ನೊಂದು ಗುಂಪು. ದರ್ಜಿ ಮಾತ್ರ, ದೇವರೇ, ನುಗ್ಗೆಕಾಯಿ ಆಗಲಿ ಎಂದು ಬೇಡಿಕೊಂಡ.

ಮರುದಿನ ಬೆಳಗ್ಗೆ ಪಟಗಾರ ಸ್ಟೂಲಿನ ಮೇಲೆ ಕೂತ. ಕೈಗಳನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ಹೆಂಡತಿ ಬಟ್ಟೆಯೊಳಗೆ ತಲೆ ಹಾಕಿ, ಉಸಿರು ಹಿಡಿದು, ಉಂಡೆ ಒತ್ತಿದಳು. ಮೊದಲನೇ ಸಲಕ್ಕೇ ಮುಖ ಬಂತು. ಎರಡು ಕಣ್ಣು, ಒಂದು ಮೂಗು, ಎಲ್ಲವೂ ಅದರದರ ಜಾಗದಲ್ಲಿ. ತರಕಾರಿಯ ಒಂದು ತೊಟ್ಟು ಸಹ ಇರಲಿಲ್ಲ.

ಪಟಗಾರನಿಗೆ ಹಿಗ್ಗೋ ಹಿಗ್ಗು. ಪಟ ಹಿಡಿದುಕೊಂಡು ಬೀದಿಯುದ್ದಕ್ಕೂ ಓಡಾಡಿದ. ದರ್ಜಿಗೆ ಎರಡು ಸಲ ತೋರಿಸಿದ. ಮಧ್ಯಾಹ್ನದ ಹೊತ್ತಿಗೆ ಅವನ ನಡಿಗೆ ನಿಧಾನವಾಯಿತು. ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಹಾಗಾದರೆ ನಾನು ನಿನಗೆ ಗೊತ್ತೇ ಇಲ್ಲವಾ?"

ಅವಳು ಒಲೆಯಿಂದ ಪಾತ್ರೆ ಇಳಿಸಿದಳು. "ಗೊತ್ತು ಅಂತ ನಾನು ಯಾವತ್ತಾದರೂ ಅಂದಿದ್ದೀನಾ? ನೀವು ಎಲ್ಲರ ಹತ್ತಿರ ಕೇಳ್ತೀರಿ. ನಿಮ್ಮದು ಹೇಳಿದ್ದು ಯಾವಾಗ?"

ಆ ಸಂಜೆ ಅವನ ಪಟ ಗೋಡೆ ಏರಿತು, ಪಟಗಾರ ಮೊದಲ ಸಲ ಗೊಣಗುಕಟ್ಟೆ ಹತ್ತಿದ. ಊರು ಕಾಯಿತು. ಅವನು ತನಗೆ ಗೊಣಗಲು ಏನೂ ಇಲ್ಲ ಎಂದೇ ಅಂದುಕೊಂಡಿದ್ದ. ಬಾಯಿ ತೆರೆದಾಗ ಬಂದದ್ದು ಒಂದೇ ಮಾತು.

"ನನ್ನನ್ನು ಯಾರೂ ಏನೂ ಕೇಳಲಿಲ್ಲ."

ಗೊಣಗಿದ್ದನ್ನು ಊರು ಸರಿಪಡಿಸಲೇಬೇಕಲ್ಲ. ಎಲ್ಲರೂ ಒಟ್ಟಿಗೆ ಕೇಳತೊಡಗಿದರು. ಹಿರಿಯ ವಯಸ್ಸು ಕೇಳಿದ. ಮೇಷ್ಟ್ರು ಮಗ್ಗಿ ಕೇಳಿದರು. ದರ್ಜಿ ಸೊಂಟದ ಸುತ್ತಳತೆ ಕೇಳಿದ. ಯಾರೋ ಹಾಲು ಕರೆಯಲು ಬರುತ್ತದೆಯೇ ಎಂದರು, ಇನ್ಯಾರೋ ಬಾಲ ಇರುವ ಪ್ರಾಣಿಗಳಲ್ಲಿ ಯಾವುದು ಇಷ್ಟ ಎಂದರು. ಪಟಗಾರ ಆಕಡೆ ಈಕಡೆ ನೋಡಿದ. ಕೇಳಿ ಕೇಳಿ ಎಲ್ಲರೂ ಸುಸ್ತಾದ ಮೇಲೆ ಹೆಂಡತಿ ಕಟ್ಟೆಯ ಹತ್ತಿರ ಬಂದಳು.

"ಊಟಕ್ಕೆ ಕೂತಾಗ ಮೊದಲ ತುತ್ತಿಗೆ ಕಣ್ಣು ಮುಚ್ಚಿಕೊಳ್ತೀರಲ್ಲ, ಆಗ ನಿಮಗೆ ಏನು ಕಾಣುತ್ತೆ?" ಎಂದಳು.

"ನಾನು ಮುಚ್ಚಿಕೊಳ್ತೀನಾ?"

"ದಿನಾ."

ಅವನು ಬೆರಗಾಗಿ ಅವಳನ್ನು ನೋಡಿದ. ಆಮೇಲೆ ಪರೀಕ್ಷಿಸುವವನ ಹಾಗೆ ಅಲ್ಲೇ ಕಣ್ಣು ಮುಚ್ಚಿ, ಇಲ್ಲದ ತುತ್ತೊಂದನ್ನು ಅಗಿದ.

"ಒಂದು ದೋಣಿ" ಎಂದ.

ಆ ಊರಿನಲ್ಲಿ ಹೊಳೆಯಿರಲಿಲ್ಲ, ಕೆರೆಯೂ ಇರಲಿಲ್ಲ. ದೋಣಿಯನ್ನು ಅಲ್ಲಿಯವರು ಯಾರೂ ಕಂಡಿರಲಿಲ್ಲ. ದರ್ಜಿ ಏನೋ ಕೇಳಲು ಹೋದ, ಪಕ್ಕದವರು ಅವನ ಮೊಣಕೈ ಹಿಡಿದರು. ಹೆಂಡತಿ ಕಟ್ಟೆಯನ್ನು ಸೆರಗಿನಿಂದ ಒರೆಸಿ ಗಂಡನ ಪಕ್ಕ ಕೂತಳು.

"ದೋಣಿಯಲ್ಲಿ ಯಾರಾದರೂ ಇದ್ದಾರಾ?" ಎಂದು ಕೇಳಿದಳು.

"ಇರು" ಎಂದ ಪಟಗಾರ, ಕಣ್ಣು ತೆರೆಯದೆ. "ನೋಡಿ ಹೇಳ್ತೀನಿ."